ಅಡ್ಡಗೋಡೆಯ ಮೇಲೊಂದು ಜ್ಞಾನದೀಪ

ದೇವರು ಇದ್ದಾನೆ ಅನ್ನುವವರಿಗೆ ಗುಡಿಗಳಿವೆ. ಇಲ್ಲ ಅನ್ನುವವರಿಗೆ ವಿಚಾರ ಸಂಕಿರಣಗಳಿವೆ. 'ಇದ್ದರೂ ಇರಬಹುದು, ಹೇಳಲಿಕ್ಕೆ ಬರೋದಿಲ್ಲ' ಅನ್ನುವ ಅಜ್ಞೇಯವಾದಿಗಳಿಗೆ ಮಾತ್ರ ಸ್ವಂತ ಕಟ್ಟಡವಿಲ್ಲ. ಅವರಿಗೆಂದು ನಾನೊಂದು ಜಾಗ ನೋಡಿಟ್ಟಿದ್ದೇನೆ.

ಹೊಸಪೇಟೆಯಿಂದ ಕಡ್ಡಿರಾಂಪುರಕ್ಕೆ ಹೊರಟರೆ ಊರು ದಾಟುವಷ್ಟರಲ್ಲಿ ಅನಂತಶಯನಗುಡಿ ಸಿಗುತ್ತದೆ. ಕೃಷ್ಣದೇವರಾಯ 1524ರಲ್ಲಿ ಮಗ ತಿರುಮಲರಾಯನ ಹೆಸರಲ್ಲಿ ಕಟ್ಟಿಸಿದ ದೇವಸ್ಥಾನ. ಮಲಗುವ ದೇವರ ಅಳತೆಗೆ ತಕ್ಕ ಉದ್ದನೆಯ ಪೀಠ ಗರ್ಭಗುಡಿಯಲ್ಲಿದೆ, ಮಲಗಲು ದೇವರಿಲ್ಲ. ಮಂಗಳಾರತಿ ತಟ್ಟೆ ಬರುವ ಭಯವಿಲ್ಲ, ನಾಸ್ತಿಕನೆಂದು ಕರೆಸಿಕೊಳ್ಳುವ ಭಯವೂ ಇಲ್ಲ. ಇದಕ್ಕಿಂತ ಪ್ರಶಸ್ತವಾದ ಕೇಂದ್ರ ಕಚೇರಿ ಎಲ್ಲಿ ಸಿಕ್ಕೀತು?

ಒಂದೇ ತೊಡಕೆಂದರೆ, ಈ ಸೀಮೆಯ ಜನ ಖಾಲಿ ಪೀಠವನ್ನೂ ಖಾಲಿ ಬಿಡುವವರಲ್ಲ. ದೇವರೆಲ್ಲಿ ಎಂದು ಕೇಳಿ ನೋಡಿ, ವಿಳಾಸ ಸಮೇತ ಉತ್ತರ ಬರುತ್ತದೆ: ಹಡಗಲಿ ಸೀಮೆಯ ಹೊಳಲು. ಈ ಗುಡಿಗೆ ಕರೆತರುವಾಗ ರಾಯ ಮುಂದೆ, ದೇವರು ಹಿಂದೆ. ತಿರುಗಿ ನೋಡಬಾರದೆಂಬ ಕರಾರು. ದಾರಿಯಲ್ಲಿ ರಾಯನಿಗೆ ಅನುಮಾನ ಬಂತು, ತಿರುಗಿ ನೋಡಿದ. ದೇವರು ಅಲ್ಲೇ ಹೊಳಲಿನಲ್ಲಿ ಮಲಗಿಬಿಟ್ಟ. ಕಥೆ ನಿಜವೋ ಸುಳ್ಳೋ, ಅನುಮಾನಕ್ಕೆ ಇಷ್ಟು ದೊಡ್ಡ ದಂಡ ತೆತ್ತವನು ಇನ್ನೊಬ್ಬನಿಲ್ಲ. ಇಡೀ ದೇವಸ್ಥಾನವೇ ಹೋಯಿತು. ಆದರೂ ರಾಯನ ಬಗ್ಗೆ ನನಗೆ ಗೌರವ. ಅವನು ತಿರುಗಿಯಾದರೂ ನೋಡಿದ.

ನಮ್ಮ ಕಾಲದ ಅಜ್ಞೇಯವಾದಿ ತಿರುಗಿ ನೋಡುವುದಿಲ್ಲ, ಕುತ್ತಿಗೆ ನೋಯುತ್ತದೆ. ನಾನು ಬಲ್ಲ ಒಬ್ಬ ನಿವೃತ್ತ ಉಪನ್ಯಾಸಕರಿದ್ದಾರೆ. ಒಗ್ಗರಣೆ-ಮಿರ್ಚಿ ಮುಗಿದು ಚಹಾ ಬರುವ ಹೊತ್ತಿಗೆ ಅವರಿಗೆ ನಾಸದೀಯ ಸೂಕ್ತ ನೆನಪಾಗುತ್ತದೆ. 'ಸೃಷ್ಟಿ ಹೇಗಾಯಿತೆಂದು ಋಗ್ವೇದದ ಋಷಿಗೇ ಖಾತ್ರಿ ಇರಲಿಲ್ಲ, ನಾವ್ಯಾರು ಸ್ವಾಮಿ ಹೇಳಲಿಕ್ಕೆ' ಎನ್ನುತ್ತಾರೆ. ಮಾತು ಒಪ್ಪತಕ್ಕದ್ದೇ. ಆದರೆ ಮಗಳ ಮದುವೆಗೆ ಮುಹೂರ್ತ ಇಡಿಸುವಾಗ ಆ ಋಷಿ ಎಲ್ಲಿಗೆ ಹೋದನೋ ತಿಳಿಯಲಿಲ್ಲ. ರಾಹುಕಾಲದ ವಿಷಯದಲ್ಲಿ ಇವರಿಗೆ ಸಂಶಯವೇ ಇಲ್ಲ. ದೇವರು ಇದ್ದಾನೋ ಇಲ್ಲವೋ ಗೊತ್ತಿಲ್ಲ, ಶನಿ ಇರುವುದು ಮಾತ್ರ ಖಚಿತ.

ಗೊತ್ತಿಲ್ಲ ಅನ್ನುವುದು ಹಗುರದ ಮಾತಲ್ಲ. 1869ರಲ್ಲಿ ಥಾಮಸ್ ಹಕ್ಸ್‌ಲಿ ಈ ನಿಲುವಿಗೊಂದು ಹೆಸರಿಟ್ಟಾಗ ಅದು ಬಿಷಪ್ಪರ ಮುಂದೆ ನಿಂತು ಸಾಕ್ಷ್ಯ ಕೇಳುವವನ ಮಾತಾಗಿತ್ತು. ಬೇರೆ ಬಗೆಯವರೂ ಬಹಳ ಹಿಂದೆಯೇ ಇದ್ದರು. ಬುದ್ಧನ ಕಾಲದ ಸಂಜಯ ಬೇಲಟ್ಠಿಪುತ್ತನ ಬಳಿ ಪರಲೋಕ ಇದೆಯೇ ಎಂದು ಕೇಳಿದರೆ, ಇದೆ ಅನ್ನುವುದಿಲ್ಲ, ಇಲ್ಲ ಅನ್ನುವುದಿಲ್ಲ, ಇಲ್ಲವೆನ್ನುವುದಿಲ್ಲ ಎಂದೂ ಅನ್ನುವುದಿಲ್ಲ ಎಂದು ನುಣುಚಿಕೊಳ್ಳುತ್ತಿದ್ದನಂತೆ. ಬೌದ್ಧ ಗ್ರಂಥಗಳು ಈ ಜಾತಿಯ ಉತ್ತರವನ್ನು ಕೈಗೆ ಸಿಗದ ಹಾವುಮೀನಿಗೆ ಹೋಲಿಸಿವೆ. ನಮ್ಮವರು ಹೆಸರು ಹಕ್ಸ್‌ಲಿಯದು ಹೇಳುತ್ತಾರೆ, ಈಜು ಮಾತ್ರ ಸಂಜಯನದು.

ನಮ್ಮಲ್ಲೇ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ನೋಡಿದವರಿದ್ದರು. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ಪರೀಕ್ಷೆಗೆಂದು ಸಮಿತಿಯನ್ನೇ ಮಾಡಿದರು. ಬೂದಿ, ಉಂಗುರ ಬೇಡ, ತೋಳಿನೊಳಗೆ ಬಚ್ಚಿಡಲಾಗದ ಒಂದು ಕುಂಬಳಕಾಯಿ ಸೃಷ್ಟಿಸಿ ಕೊಡಿ ಎಂದು ಪುಟ್ಟಪರ್ತಿಯ ಬಾಬಾ ಅವರಿಗೆ ಸವಾಲು ಹಾಕಿದರು. ಎ.ಎನ್. ಮೂರ್ತಿರಾಯರು ತೊಂಬತ್ತು ದಾಟಿದ ಮೇಲೆ 'ದೇವರು' ಎಂಬ ಪುಸ್ತಕ ಪ್ರಕಟಿಸಿ, ಇಲ್ಲ ಎಂದು ಕಾರಣ ಸಮೇತ ಹೇಳಿದರು. ಮೇಲೆ ಹೋಗುವ ವಯಸ್ಸಿನಲ್ಲಿ ಮೇಲಿನವನೊಂದಿಗೆ ಜಗಳಕ್ಕೆ ನಿಲ್ಲಲು ಎದೆ ಬೇಕು. ಅಂಥದ್ದಕ್ಕೆ ನಮ್ಮ ಸರ್ಕಾರ ಪಂಪ ಪ್ರಶಸ್ತಿ ಕೊಟ್ಟಿತ್ತೆಂಬುದನ್ನು ಈಗ ಮೆಲ್ಲಗೆ ಹೇಳಿಕೊಳ್ಳಬೇಕು.

ನಮ್ಮ ಉಪನ್ಯಾಸಕರ ಬಳಿಯೂ ಕುಂಬಳಕಾಯಿ ಇದೆ. ವರ್ಷಕ್ಕೊಂದು, ಆಯುಧಪೂಜೆಗೆ, ಕಾರಿನ ಮುಂದೆ ಒಡೆಯಲಿಕ್ಕೆ. ಈ ಸಲ ನಾನು ಕುಂಬಳಕಾಯಿ ಅಂದೆನಷ್ಟೆ, ಹೆಗಲು ಮುಟ್ಟಿ ನೋಡಿಕೊಂಡರು. 'ಅದು ಮನೆಯವರ ಸಮಾಧಾನಕ್ಕೆ' ಎಂದರು. ಅಜ್ಞೇಯವಾದಿಗಳ ಮನೆಯವರು ಯಾವಾಗಲೂ ಅಸಮಾಧಾನದಲ್ಲೇ ಇರುತ್ತಾರೆ.

ಅವರು ಹೀಗೆ ತೂಗುಯ್ಯಾಲೆಯಲ್ಲಿ ಕೂತಿರಲು ಸಾಧ್ಯವಾಗಿರುವುದು ಯಾರೂ ಅವರನ್ನು ಅಲ್ಲಿಂದ ಎಬ್ಬಿಸಿಲ್ಲದ ಕಾರಣ. ಕಡ್ಡಿರಾಂಪುರದಲ್ಲಿ ಎಬ್ಬಿಸಿಕೊಂಡವರು ಬಹಳ ಜನ ಇದ್ದಾರೆ. ವಿರೂಪಾಕ್ಷನ ಎದುರಿನ ಹಂಪಿ ಬಜಾರಿನ ಕಲ್ಲುಮಂಟಪಗಳಲ್ಲಿ ಸಂಸಾರ ಹೂಡಿ, ತೆಂಗಿನಕಾಯಿ, ಕುಂಕುಮ, ಇಡ್ಲಿ ಮಾರಿಕೊಂಡಿದ್ದ ಕುಟುಂಬಗಳ ಮೇಲೆ 2011ರ ಜುಲೈ ಕೊನೆಗೆ ಯಂತ್ರಗಳು ಬಂದವು. ಆ ದಿನ ಸರ್ಕಾರಕ್ಕೆ ಎಳ್ಳಷ್ಟೂ ಸಂಶಯವಿರಲಿಲ್ಲ. ಪರಂಪರೆ ಇದೆ, ಒತ್ತುವರಿ ಇದೆ, ಎರಡೂ ಖಚಿತ. ಕಡ್ಡಿರಾಂಪುರದಲ್ಲಿ ನಿವೇಶನ, ಪರಿಹಾರ ಎಂಬ ಮಾತು ಬಂದಾಗ ಮಾತ್ರ ಅದೇ ಸರ್ಕಾರ ಅಜ್ಞೇಯವಾದ ಹಿಡಿಯಿತು: ಆಗುತ್ತದೆ ಅನ್ನಲಿಲ್ಲ, ಆಗುವುದಿಲ್ಲ ಅನ್ನಲಿಲ್ಲ, 'ಪರಿಶೀಲನೆಯಲ್ಲಿದೆ' ಎಂದಿತು.

ಹೀಗೆ ಬಂದ ಒಬ್ಬ ತಾಯಿಯ ಹೋಟೆಲಿನಲ್ಲೇ ನಮ್ಮ ಉಪನ್ಯಾಸಕರು ಒಮ್ಮೆ ಜ್ಞಾನದೀಪ ಹಚ್ಚಿದರು. ಮಿರ್ಚಿ ಕರಿಯುತ್ತಿದ್ದ ಆಕೆಯನ್ನು, 'ಏನವ್ವ, ದೇವರು ಖರೇನೇ ಅದಾನಂತೀಯೇನು?' ಎಂದು ಕೇಳಿದರು.

ಆಕೆ ಜಾಲರಿಯಿಂದ ಕಣ್ಣು ತೆಗೆಯಲಿಲ್ಲ. 'ಅದಾನಲ್ರಿ ಸರ, ಅಲ್ಲೇ ಅದಾನ. ಅವನ ಮನೀಗೆ ಜೇಸಿಬಿ ಬರಲಿಲ್ಲ.'