ಹಿಂದಿನ ಪುಟದ ಸಾಮಾನು

ಬರೆಯೋಕೆ ಮುಂಚೆ ಅಂಶಗಳ ಪಟ್ಟಿ ಮಾಡಿಕೊಳ್ಳಬೇಕು ಅನ್ನುವುದನ್ನು ನನ್ನ ತಲೆಗೆ ತುಂಬಿದವರು ಹೈಸ್ಕೂಲಿನ ಕನ್ನಡ ಮೇಷ್ಟ್ರು. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಇವು ಮೂರಿದ್ದರೆ ಪರೀಕ್ಷೆಯಲ್ಲಿ ಯಾವ ಪ್ರಬಂಧಕ್ಕೂ ಹೆದರಬೇಕಾಗಿಲ್ಲ ಅನ್ನುತ್ತಿದ್ದರು. ನಾವು ಹೆದರಲೂ ಇಲ್ಲ. ಗ್ರಂಥಾಲಯದ ಮಹತ್ವವೋ, ರಾಷ್ಟ್ರೀಯ ಹಬ್ಬಗಳೋ, ಪರಿಸರ ಮಾಲಿನ್ಯವೋ, ಏನೇ ಬರಲಿ, ‘ಇಂದಿನ ಆಧುನಿಕ ಯುಗದಲ್ಲಿ’ ಅಂತ ಶುರುಮಾಡಿ ‘ನಮ್ಮೆಲ್ಲರ ಆದ್ಯ ಕರ್ತವ್ಯ’ ಅಂತ ಮುಗಿಸಿಬಿಡುತ್ತಿದ್ದೆವು. ನಡುವಿನದನ್ನು ಮಾತ್ರ ಆಗಾಗ ಬದಲಾಯಿಸಬೇಕಿತ್ತು. ಮೇಷ್ಟ್ರು ಧಾರಾಳವಾಗಿ ಅಂಕ ಕೊಡುತ್ತಿದ್ದರು. ಅವರೂ ನಡುವಿನದನ್ನು ಓದುತ್ತಿರಲಿಲ್ಲ ಅಂತ ನನಗೊಂದು ಗುಮಾನಿ.

ಆ ಚಾಳಿ ಈಗಲೂ ಬಿಟ್ಟಿಲ್ಲ. ಲಗ್ನಪತ್ರಿಕೆಯ ಹಿಂಬದಿ, ಕರೆಂಟ್ ಬಿಲ್ಲು, ಔಷಧಿ ಅಂಗಡಿಯ ಕವರು, ಕೈಗೆ ಸಿಕ್ಕಿದ್ದರ ಮೇಲೆಲ್ಲ ನನ್ನ ಪಟ್ಟಿಗಳು ಬೀಳುತ್ತವೆ. ಹೋದ ಮಳೆಗಾಲದಲ್ಲಿ ಕೊಡೆಯ ಮೇಲೊಂದು ಪ್ರಬಂಧ ಬರೆಯೋಣ ಅಂತ ಗೀಚಿಕೊಂಡಿದ್ದ ಹಾಳೆಯ ಇನ್ನೊಂದು ಮಗ್ಗುಲಲ್ಲಿ ಮನೆಯಾಕೆ ತಿಂಗಳ ಸಾಮಾನು ಬರೆದು ಅಂಗಡಿಗೆ ಕಳಿಸಿದ್ದಾಳೆ. ಸಂಜೆ ಅಂಗಡಿಯವರ ಫೋನು.

“ಸಾರ್, ತೊಗರಿಬೇಳೆ, ಉದ್ದಿನಬೇಳೆ, ಇಂಗು ಎಲ್ಲಾ ಕಟ್ಟಿದೀನಿ. ಹಿಂದಿನ ಪುಟದ್ದು ಒಂದೂ ನಮ್ಮಲ್ಲಿಲ್ಲ.”

“ಹಿಂದಿನ ಪುಟದಲ್ಲೇನಿದೆ?”

“ಅಜ್ಜನ ಕೊಡೆ, ಬಸ್ಸಲ್ಲಿ ಕೊಡೆ, ಕೊಡೆ ಮರೆಯೋದು. ಆಮೇಲೆ ಉಪಸಂಹಾರ ಅಂತ ಬರೆದು ಮುಂದಕ್ಕೆ ಖಾಲಿ ಬಿಟ್ಟಿದೀರ. ಎಷ್ಟು ಬೇಕು ಅಂತ ಹಾಕಿಲ್ಲ.”

ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದ ಈಕೆ, “ಅದು ನಮ್ಮನೇಲೂ ಮುಗಿದುಹೋಗಿದೆ ಅಂತ ಹೇಳಿ” ಅಂದಳು.

ಆದರೆ ಒಂದು ಮಾತು. ಆ ಪುಣ್ಯಾತ್ಮ ಓದಿ ಹೇಳಿದಾಗಲೇ ನನಗೆ ಹೊಳೆದದ್ದು, ಬಸ್ಸಲ್ಲಿ ಕೊಡೆ ಮತ್ತು ಕೊಡೆ ಮರೆಯೋದು ಎರಡೂ ಒಂದೇ ಸಂಗತಿ ಅಂತ. ಕೊಡೆ ಮರೆಯುವುದು ಬಸ್ಸಿನಲ್ಲಲ್ಲದೆ ಇನ್ನೆಲ್ಲಿ! ಹಾಗೇ ಬರೆಯಲು ಕೂತಿದ್ದರೆ ಎರಡು ಪುಟದ ಮಾತನ್ನು ನಾಲ್ಕು ಪುಟ ಎಳೆದು, ಕೊನೆಗೆ ಹೇಳುವುದೇನೂ ಇಲ್ಲ ಅನ್ನುವುದು ಐದನೆಯ ಪುಟದಲ್ಲಿ ಗೊತ್ತಾಗುತ್ತಿತ್ತು. ಪಟ್ಟಿಯಲ್ಲಾದರೆ ಒಂದು ಗೀಟು ಎಳೆದರಾಯಿತು. ಐದು ಪುಟ ಬರೆದಮೇಲೆ ಹರಿದುಹಾಕೋಕೆ ಗಟ್ಟಿ ಎದೆ ಬೇಕು, ನನಗದಿಲ್ಲ.

ನಮ್ಮ ಬೀದಿಯ ಕವಿಮಿತ್ರರೊಬ್ಬರಿಗೆ ಇದನ್ನು ಹೇಳಿದರೆ ನಕ್ಕರು. ಪಟ್ಟಿ ಮಾಡುವುದು ಗುಮಾಸ್ತರ ಕೆಲಸ, ಕಾವ್ಯಕ್ಕೆ ಬೇಕಾದ್ದು ಸ್ಫೂರ್ತಿ ಅಂದರು. ಸಾಕ್ಷಿಗೆ ಗದುಗಿನ ನಾರಣಪ್ಪನನ್ನೇ ಕರೆತಂದರು. ತಾನು ಹಲಗೆ ಬಳಪ ಹಿಡಿದವನಲ್ಲ, ಒಮ್ಮೆ ಇಟ್ಟ ಪದವನ್ನು ಅಳಿಸಿದವನಲ್ಲ ಅಂತ ಕುಮಾರವ್ಯಾಸ ಹೇಳಿಕೊಂಡಿರುವುದು ನಿಜವೇ. ವೀರನಾರಾಯಣನ ಗುಡಿಯಲ್ಲಿ ಒದ್ದೆಬಟ್ಟೆಯಲ್ಲಿ ಕೂತು, ಬಟ್ಟೆ ಆರುವತನಕ ಬರೆಯುತ್ತಿದ್ದನಂತೆ ಅನ್ನುವ ಐತಿಹ್ಯವೂ ಉಂಟು. ನಾನು ಹಾಗೆ ಕೂತರೆ ಬರುವುದು ನೆಗಡಿ. ಆದರೂ ಅವನ ಭಾರತವನ್ನು ತೆಗೆದು ನೋಡಿ. ಸಂಧಿ ಸಂಧಿಯ ನೆತ್ತಿಯ ಮೇಲೂ ‘ಸೂಚನೆ’ ಅಂತ ಮೂರು ಸಾಲಿನ ಅರ್ಧ ಷಟ್ಪದಿ ಕೂತಿರುತ್ತದೆ. ಮುಂದೆ ನಡೆಯುವುದೆಲ್ಲದರ ಸಾರ ಅದರಲ್ಲಿದೆ. ಹಲಗೆ ಇಲ್ಲದಿದ್ದರೇನಂತೆ, ಪಟ್ಟಿ ಇದೆಯಲ್ಲ!

ಕವಿಮಿತ್ರರು ಸುಮ್ಮನಾಗಲಿಲ್ಲ, ಆದಿಕವಿಯ ಹತ್ತಿರ ಹೋದರು. ಅಲ್ಲಿ ನನಗೆ ಇನ್ನೂ ಅನುಕೂಲವಾಯಿತು. ಬಾಲಕಾಂಡದ ಮೊದಲನೆಯ ಸರ್ಗದಲ್ಲೇ ನಾರದರು ಬಂದು ಇಡೀ ರಾಮಕಥೆಯನ್ನು ನೂರು ಶ್ಲೋಕದಲ್ಲಿ ವಾಲ್ಮೀಕಿಗೆ ಒಪ್ಪಿಸುತ್ತಾರೆ. ಸಂಕ್ಷೇಪ ರಾಮಾಯಣ ಅಂತ ಅದನ್ನು ಬೇರೆಯಾಗಿಯೇ ಪಾರಾಯಣ ಮಾಡುವವರಿದ್ದಾರೆ. ವಾಲ್ಮೀಕಿ ಆಮೇಲೆ ಅದನ್ನು 24,000 ಶ್ಲೋಕಕ್ಕೆ ಬೆಳೆಸಿದ. ಇನ್ನು ವ್ಯಾಸರ ಆದಿಪರ್ವವಂತೂ ಶುರುವಾಗುವುದೇ ಅನುಕ್ರಮಣಿಕೆಯಿಂದ. ಅದು ಮುಗಿದರೆ ಪರ್ವಸಂಗ್ರಹ. ನೂರು ಉಪಪರ್ವಗಳ ಹೆಸರು, ಹದಿನೆಂಟು ಪರ್ವಗಳಲ್ಲಿ ಯಾವುದರಲ್ಲಿ ಎಷ್ಟು ಅಧ್ಯಾಯ, ಎಷ್ಟು ಶ್ಲೋಕ ಅನ್ನುವವರೆಗೆ ಲೆಕ್ಕ. ಇಷ್ಟು ಅಚ್ಚುಕಟ್ಟು ಗುಮಾಸ್ತಿಕೆಯನ್ನು ನಾನು ಯಾವ ಕಚೇರಿಯಲ್ಲೂ ಕಂಡಿಲ್ಲ.

ಪಟ್ಟಿಗೂ ಸ್ಫೂರ್ತಿಗೂ ಹಾವು ಮುಂಗುಸಿಯ ಹಗೆ ಅನ್ನುವವರನ್ನು ಒಂದು ರಾತ್ರಿ ತಾಳಮದ್ದಳೆಗೆ ಕರೆದುಕೊಂಡುಹೋಗಬೇಕು. ಪ್ರಸಂಗದ ಪದ್ಯಗಳು ಮೊದಲೇ ಇರುತ್ತವೆ. ಇವತ್ತು ಯಾವುದನ್ನು ಹಾಡುವುದು, ಯಾವುದನ್ನು ಬಿಡುವುದು ಅನ್ನುವುದೂ ಹೆಚ್ಚುಕಮ್ಮಿ ನಿಶ್ಚಯವಾಗಿರುತ್ತದೆ. ಮಾತು ಮಾತ್ರ ಬರೆದಿಟ್ಟದ್ದಲ್ಲ. ನಾಲ್ಕು ಸಾಲಿನ ಪದ್ಯ ಹಿಡಿದು ಅರ್ಥಧಾರಿಗಳು ಎಲ್ಲಿಂದೆಲ್ಲಿಗೋ ಹೋಗುತ್ತಾರೆ: ಧರ್ಮಶಾಸ್ತ್ರಕ್ಕೆ ಇಣುಕಿ, ಎದುರಾಳಿಯ ಕುಲಗೋತ್ರ ಜಾಲಾಡಿ, ಸಭೆಯನ್ನೊಂದಿಷ್ಟು ನಗಿಸಿ. ವಾಲಿ ಸಾಯುವ ಮುನ್ನ ರಾಮನನ್ನು ಕೇಳುವ ಪ್ರಶ್ನೆಗಳಿಗೆ ಕೊನೆಯೇ ಇಲ್ಲ. ಬಾಣ ನಾಟಿದ್ದರೂ ದನಿ ಮಾತ್ರ ಇಳಿಯುವುದಿಲ್ಲ. ಅತಿಯಾಯಿತು ಅನ್ನಿಸಿದಾಗ ಭಾಗವತರು ಜಾಗಟೆ ಮುಟ್ಟಿ ಮುಂದಿನ ಪದ್ಯ ಎತ್ತಿಬಿಡುತ್ತಾರೆ. ಎಂಥ ಮಾತುಗಾರನೂ ಅಲ್ಲಿಗೆ ನಿಲ್ಲಿಸಿ ಕಥೆಗೆ ಮರಳಲೇಬೇಕು. ಪದ್ಯ ಇದೆ ಅನ್ನುವ ಧೈರ್ಯದಿಂದಲೇ ಅವರು ಅಷ್ಟು ದೂರ ಅಲೆಯುವುದು. ಅದಿಲ್ಲದೆ ಬಿಟ್ಟಿದ್ದರೆ ಬೆಳಗಾದರೂ ವಾಲಿ ಸಾಯುತ್ತಿರಲಿಲ್ಲ.

ಬರೆಯುವವನ ಎದುರಿಗೆ ಭಾಗವತರಿಲ್ಲ. ಪತ್ರಿಕೆಯವರು ಹೇಳುವ ಪದಮಿತಿಯೊಂದೇ ಜಾಗಟೆ, ಅದೂ ದೂರದಿಂದ ಕೇಳಿಸುವುದು ಕಮ್ಮಿ. ಹಾಗಾಗಿ ಪಟ್ಟಿಯನ್ನು ಮೇಜಿನ ಮೇಲೆ ಕಣ್ಣಿಗೆ ಕಾಣುವ ಹಾಗೆ ಇಟ್ಟುಕೊಳ್ಳುತ್ತೇನೆ. ಅದು ಹೇಳಿದ ದಾರಿಯಲ್ಲೇ ಹೋಗುತ್ತೇನೆ ಅಂತಲ್ಲ. ಹಾಗೆ ಚಾಚೂ ತಪ್ಪದೆ ಹೋದ ದಿನ ಬರಹ ಮೇಷ್ಟ್ರಿಗೆ ಒಪ್ಪಿಸುವಂತೆ ಆಗಿರುತ್ತದೆ. ಎಲ್ಲಿಂದ ತಪ್ಪಿಸಿಕೊಂಡೆ ಅನ್ನುವುದು ತಿಳಿದಿದ್ದರೆ ಸಾಕು.

ನೀವೂ ಪಟ್ಟಿ ಮಾಡುವವರಾದರೆ ಒಂದು ಕೆಲಸ ಮಾಡಿ. ಬಿಡಿ ಪದ ಬರೆಯಬೇಡಿ, ಕ್ರಿಯಾಪದ ಹಾಕಿ ಪೂರ್ತಿ ವಾಕ್ಯ ಬರೆಯಿರಿ. ‘ಅಜ್ಜನ ಕೊಡೆ’ ಅಂತ ಬರೆದಿಟ್ಟರೆ ಮೂರು ತಿಂಗಳ ಮೇಲೆ ಅಜ್ಜನೂ ಕಾಣುತ್ತಾರೆ, ಕೊಡೆಯೂ ಕಾಣುತ್ತದೆ, ಇಬ್ಬರಿಗೂ ಏನು ಸಂಬಂಧ ಅನ್ನುವುದು ಮಾತ್ರ ನೆನಪಾಗುವುದಿಲ್ಲ. ‘ಹೊಸ ಕೊಡೆ ನೆನೆದೀತು ಅಂತ ಅಜ್ಜ ಅದನ್ನು ಕಂಕುಳಲ್ಲಿ ಮುಚ್ಚಿಕೊಂಡು ಮಳೆಯಲ್ಲಿ ಓಡುತ್ತಿದ್ದರು’ ಅಂತ ಬರೆದಿಟ್ಟರೆ ಅರ್ಧ ಪ್ರಬಂಧ ಅಲ್ಲೇ ಆಯಿತು. ಪೆನ್ಸಿಲ್ಲಿನಲ್ಲಿ ಬರೆಯಿರಿ, ಬೇಡವಾದದ್ದನ್ನು ಅಳಿಸಿ. ನಾವೇನು ನಾರಣಪ್ಪಂದಿರಲ್ಲ.