ಅಳೆದೂ ಸುರಿದೂ ಉಪ್ಪು

ನಮ್ಮ ಮನೆಯಲ್ಲಿ ಉಪ್ಪಿನ ಡಬ್ಬಿ ಮುಟ್ಟುವ ಅಧಿಕಾರ ನನಗಿಲ್ಲ. ಸಾರಿಗೆ ಒಂದು ಚಿಟಿಕೆ ಹಾಕಬೇಕಾದರೂ ಹೆಂಡತಿಯ ಅಪ್ಪಣೆ ಬೇಕು. ಅಂಥವನ ಪಾಲಿಗೆ ಬ್ರಿಸ್ಬೇನಿನಲ್ಲಿ ಮನೆ ಕೊಂಡ ಮೇಲೆ 200 ಕಿಲೋ ಉಪ್ಪಿನ ಉಸ್ತುವಾರಿ ಬಂತು. ಹಿತ್ತಿಲಲ್ಲಿ 50,000 ಲೀಟರಿನ ಉಪ್ಪುನೀರಿನ ಈಜುಕೊಳವಿತ್ತು. ಈಜು ಬರುತ್ತದೆಯೇ ಎಂದು ಮನೆ ಮಾರಿದವರು ಕೇಳಲಿಲ್ಲ, ಬಾರದು ಎಂದು ನಾನೂ ಹೇಳಲಿಲ್ಲ.

ಉಪ್ಪುನೀರೆಂದರೆ ಸಮುದ್ರದ ನೀರಲ್ಲ. ಸಮುದ್ರದಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿದ್ದರೆ ನಮ್ಮ ಪೂಲಿಗೆ 4 ಗ್ರಾಂ, ಅಂದರೆ 4000 ಪಿಪಿಎಂ ಸಾಕು. ಕಣ್ಣೀರಿನಲ್ಲೇ 9 ಗ್ರಾಂ ಇರುತ್ತದೆ. ಕರೆಂಟ್ ಬಿಲ್ ಬಂದ ದಿನ ದಂಡೆಯ ಮೇಲೆ ನಿಂತರೆ ಕೊರತೆಯನ್ನು ನಾನೊಬ್ಬನೇ ತುಂಬಬಲ್ಲೆ! ಈ ನೀರು ಕ್ಲೋರಿನೇಟರಿನ ತಗಡುಗಳ ನಡುವೆ ಹಾಯುವಾಗ ವಿದ್ಯುತ್ತು ಉಪ್ಪಿನಿಂದ ಕ್ಲೋರಿನ್ ಹುಟ್ಟಿಸುತ್ತದೆ. ಅದು ಪಾಚಿ, ಕ್ರಿಮಿಗಳನ್ನು ಕೊಂದು ಮತ್ತೆ ಉಪ್ಪಾಗುತ್ತದೆ.

ಊರಿಂದ ಬಂದ ಅಮ್ಮನಿಗೆ ಇದು ಹಿಡಿಸಲಿಲ್ಲ. ಅವಳು ಕುಮಟಾ ಕಡೆಯವಳು, ಸಾಣಿಕಟ್ಟಾದ ಉಪ್ಪಿನ ಆಗರ ನೋಡಿ ಬೆಳೆದವಳು. "ನಮ್ಮಲ್ಲಿ ಬಾವಿ ನೀರು ಉಪ್ಪಾಯ್ತು ಅಂತ ಬಾಯಿ ಬಡ್ಕೊಳ್ತಾರೆ. ನೀನು ದುಡ್ಡು ಕೊಟ್ಟು ಉಪ್ಪು ಮಾಡ್ತೀಯಲ್ಲೋ!"

ಜುಲೈ ಚಳಿಯಲ್ಲಿ ಕ್ಲೋರಿನೇಟರಿನ ಕೆಂಪು ದೀಪ ಹತ್ತಿತು: ಉಪ್ಪು ಕಡಿಮೆ. ಈ ಯಂತ್ರಕ್ಕೆ ನಾಲಿಗೆಯಿಲ್ಲ. ನೀರಿನಲ್ಲಿ ವಿದ್ಯುತ್ತು ಎಷ್ಟು ಸರಾಗವಾಗಿ ಹರಿಯುತ್ತದೆ ಎಂದು ನೋಡಿ ಉಪ್ಪನ್ನು ಊಹಿಸುತ್ತದೆ. ನೀರು ತಣ್ಣಗಿದ್ದರೂ, ತಗಡಿಗೆ ಸುಣ್ಣದ ಹೊಟ್ಟು ಹಿಡಿದಿದ್ದರೂ ಅದರ ಬಾಯಲ್ಲಿ ಒಂದೇ ದೂರು. ಸರಿ, ಪರೀಕ್ಷೆಯ ಪಟ್ಟಿ ಅದ್ದಿದೆ. ಅದರೊಳಗೆ ಬಿಳಿ ಗೆರೆಯೊಂದು ಮೆಲ್ಲಗೆ ಮೇಲೇರುತ್ತದೆ. ನಿಂತ ಅಂಕಿಯನ್ನು ಆ ಪಟ್ಟಿಗಳು ಬಂದ ಡಬ್ಬಿಯ ಮೇಲಿನ ಕೋಷ್ಟಕಕ್ಕೆ ತಾಳೆ ನೋಡಬೇಕು. ಪಟ್ಟಿ ಹೇಳಿತು, ಉಪ್ಪು ಜಾಸ್ತಿ. ಬಾಟಲಿಯಲ್ಲಿ ನೀರು ತುಂಬಿ ಅಂಗಡಿಗೆ ಒಯ್ದೆ. ಅಲ್ಲಿ ಮೂರನೆಯ ಅಂಕಿ ಬಂತು, ಜೊತೆಗೆ ಎರಡು ಚೀಲ ಉಪ್ಪು ಕೊಳ್ಳುವ ಸಲಹೆಯೂ.

ಕೊನೆಗೆ ಹನಿ ಪರೀಕ್ಷೆಗೆ ಇಳಿದೆ. ಪುಟ್ಟ ಶೀಷೆಯಲ್ಲಿ 10 ಮಿಲಿ ಪೂಲಿನ ನೀರು, ಅದಕ್ಕೆ ಕ್ರೋಮೇಟ್ ಬೆರೆಸಿದರೆ ಹಳದಿ. ಆಮೇಲೆ ಸಿಲ್ವರ್ ನೈಟ್ರೇಟನ್ನು ಹನಿಹನಿಯಾಗಿ ಬಿಟ್ಟು ಕಲಕುತ್ತ ಎಣಿಸಬೇಕು. ನೀರು ಇಟ್ಟಿಗೆ ಬಣ್ಣಕ್ಕೆ ತಿರುಗಿದಾಗ ನಿಲ್ಲಿಸಿ, ಹನಿಗೆ 200 ಪಿಪಿಎಂ ಲೆಕ್ಕ. ಉಸಿರು ಬಿಗಿಹಿಡಿದು ಹದಿನಾಲ್ಕಕ್ಕೆ ಬಂದಿದ್ದೆ. ಅಡುಗೆಮನೆಯಿಂದ ಹೆಂಡತಿ ಕೂಗಿದಳು, "ರೀ, ಎಷ್ಟು ಪಾವು ಅಕ್ಕಿ ಇಡ್ಲಿ?"

"ಎರಡು" ಎಂದೆ. ಮುಂದಿನ ಹನಿಗೆ ಬಾಯಿ ತಾನಾಗಿ "ಮೂರು" ಎಂದಿತು.

ಇನ್ನೊಂದು ಶೀಷೆ ತುಂಬುವಷ್ಟರಲ್ಲಿ ಅಮ್ಮ ಪೂಲಿಗೆ ಬೆರಳದ್ದಿ ನಾಲಿಗೆಗೆ ಮುಟ್ಟಿಸಿಕೊಂಡಿದ್ದಳು. "ಉಪ್ಪು ಸಾಕೋ, ಹುಳಿ ಕಡಿಮೆ" ಎಂದು ತೀರ್ಪು ಕೊಟ್ಟು ಒಳಗೆ ಹೋದಳು. ನಕ್ಕೆ. ಈ ಬಾರಿ ಹನಿಗಳು ಇಪ್ಪತ್ತಕ್ಕೆ ನಿಂತವು, ಸರಿಯಾಗಿ 4000. ಅನುಮಾನ ಬಂದು ಪಿಎಚ್ ನೋಡಿದೆ, 8 ದಾಟಿತ್ತು. ಕ್ಲೋರಿನೇಟರ್ ಇರುವ ಪೂಲಿನಲ್ಲಿ ಪಿಎಚ್ ಏರುತ್ತಲೇ ಇರುತ್ತದೆ, ಆಗಾಗ ಆಸಿಡ್ ಹಾಕಬೇಕು. ಹುಳಿ ಕಡಿಮೆಯಾಗಿದ್ದುದು ಅಪ್ಪಟ ನಿಜ! ಈಗ ಪೂಲಿನ ಉಪ್ಪಿನ ಮೇಲಿದ್ದ ಅಧಿಕಾರವೂ ನನ್ನ ಕೈತಪ್ಪಿದೆ; ಚೀಲ ಹೊರುವ ಕೆಲಸ ಮಾತ್ರ ಉಳಿದಿದೆ.

ಪೂಲಿಟ್ಟುಕೊಂಡ ಬಂಧುಗಳೇ, ಉಪ್ಪು ಆವಿಯಾಗಿ ಹೋಗುವುದಿಲ್ಲ. ಮಳೆಗೆ ತುಂಬಿ ಹರಿದರೆ, ಫಿಲ್ಟರ್ ತೊಳೆದರೆ, ಎಲ್ಲಾದರೂ ಸೋರಿದರೆ, ಮಕ್ಕಳು ಎರಚಾಡಿದರೆ ಮಾತ್ರ ಇಳಿಯುತ್ತದೆ. ಕೆಂಪು ದೀಪ ಕಂಡ ಕೂಡಲೇ ಚೀಲ ಬಿಚ್ಚಬೇಡಿ. ಮೊದಲು ತಗಡು ನೋಡಿ, ಆಮೇಲೆ ಮೊಣಕೈ ಆಳದಿಂದ ನೀರು ತೆಗೆದು ಹನಿ ಎಣಿಸಿ. ಸಾರಿಗೆ ಉಪ್ಪು ಹೆಚ್ಚಾದರೆ ಆಲೂಗಡ್ಡೆ ಹಾಕಿ ನೋಡಬಹುದು. ಪೂಲಿಗೆ ಹೆಚ್ಚಾದರೆ ನೀರು ಚೆಲ್ಲಿ ಹೊಸ ನೀರು ತುಂಬುವುದೊಂದೇ ದಾರಿ, ಅದರ ಬಿಲ್ಲೂ ನಿಮ್ಮ ಹೆಸರಿಗೇ ಬರುತ್ತದೆ.