ಕಾರ್ಡು ಕಿತ್ತ ಪ್ರಸಂಗ

ಲ್ಯಾಪ್‌ಟಾಪಿನಲ್ಲಿ ವೈಫೈ ಹೋದ ಸುದ್ದಿ ಬೀದಿಗೆಲ್ಲ ಹಬ್ಬಲು ವೈಫೈ ಬೇಕಿಲ್ಲ. "ಯಾಕೋ ನೆಟ್ ಸಿಗ್ತಿಲ್ಲ" ಎಂದು ನಾನು ಗೊಣಗಿದ್ದಷ್ಟೇ. ಸಂಜೆಯೊಳಗೆ ಮೇಲಿನ ಮನೆಯ ರಾಯರು ಸ್ಕ್ರೂಡ್ರೈವರ್ ಪೆಟ್ಟಿಗೆ ಸಮೇತ ಬಂದು ಕುರ್ಚಿ ಎಳೆದುಕೊಂಡು ಕೂತರು. ರಿಟೈರಾದ ಮೇಲೆ ಅವರಿಗೆ ಬಿಚ್ಚಲು ಸ್ವಂತ ಮನೆಯಲ್ಲಿ ಏನೂ ಉಳಿದಿಲ್ಲ.

ಅಷ್ಟು ಹೊತ್ತಿಗೆ ನಮ್ಮವರ ಸಲಹೆಗಳೆಲ್ಲ ಮುಗಿದಿದ್ದವು. "ರೂಟರ್ ಆಫ್ ಮಾಡಿ ಆನ್ ಮಾಡ್ರೀ" ಎಂದು ಹೆಂಡತಿ ಹೇಳಿ, ಮಾಡಿಯೂ ಆಗಿತ್ತು. ಏರೋಪ್ಲೇನ್ ಮೋಡ್ ಆನ್ ಆಗಿಲ್ಲವೆಂದು ಮಗಳು ಖಾತ್ರಿಪಡಿಸಿದ್ದಳು. ಅಮ್ಮನದು ಬೇರೆಯೇ ವಾದ: "ಆ ಓವನ್ ಪಕ್ಕ ಕೂತ್ಕೋಬೇಡ್ವೋ, ಅದರಿಂದ್ಲೇ ಹೀಗಾಗೋದು." ನಗುವಂತಿಲ್ಲ. ಮೈಕ್ರೋವೇವ್ ಓವನ್ ಕೆಲಸ ಮಾಡುವುದೂ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲೇ, ವೈಫೈಯ ಒಂದು ಬ್ಯಾಂಡೂ ಅಲ್ಲೇ. ಇಲ್ಲಿ ಸಾರು ಬಿಸಿಯಾಗುವಾಗ ಅಲ್ಲಿ ಮೀಟಿಂಗು ತೊದಲುವುದುಂಟು. ಆದರೆ ಸಾರು ಆರಿದರೂ ನಮ್ಮ ಲ್ಯಾಪ್‌ಟಾಪ್ ಮೌನ ಮುರಿಯಲಿಲ್ಲ. ಫೋನಿನಲ್ಲಿ ಮಾತ್ರ ಅದೇ ವೈಫೈ ಸರಾಗವಾಗಿ ಬರುತ್ತಿತ್ತು. ಅಲ್ಲಿಗೆ ರೂಟರೂ ಓವನ್ನೂ ಖುಲಾಸೆಯಾದವು.

ರಾಯರು ಡಿವೈಸ್ ಮ್ಯಾನೇಜರ್ ತೆರೆಸಿದರು. ವೈಫೈ ಅಡಾಪ್ಟರಿನ ಹೆಸರಿನ ಪಕ್ಕ ಹಳದಿ ತ್ರಿಕೋನ, ಅದರೊಳಗೊಂದು ಆಶ್ಚರ್ಯಸೂಚಕ ಚಿಹ್ನೆ. ದುಡ್ಡು ಕೊಟ್ಟವನು ನಾನು, ಆಶ್ಚರ್ಯಪಡುವುದು ಅದು! ಡ್ರೈವರ್ ಅಳಿಸಿ ಮತ್ತೆ ಹಾಕಿದರು. ಕರೆಂಟು ಉಳಿಸಲು ಕಾರ್ಡನ್ನು ಮಲಗಿಸುವ ಅನುಮತಿಯ ಟಿಕ್ ಮಾರ್ಕ್ ತೆಗೆದರು. ರೀಸ್ಟಾರ್ಟ್ ಮಾಡಿ ನೋಡಿದರೆ ಪಟ್ಟಿಯಲ್ಲಿ ಹೆಸರೇ ಮಾಯ. "ಕಾರ್ಡ್ ಹೋಗಿದೆ, ಬಿಚ್ಚೋಣ" ಎಂದ ರಾಯರ ಮುಖದಲ್ಲಿ ನಾನು ಕಂಡದ್ದು ವಿಷಾದವಂತೂ ಅಲ್ಲ.

ಬಿಳಿ ಹಾಳೆಯ ಮೇಲೆ ಲ್ಯಾಪ್‌ಟಾಪಿನ ತಳದ ಚಿತ್ರ ಬರೆದು, ಯಾವ ಸ್ಕ್ರೂ ಎಲ್ಲಿಯದೋ ಅಲ್ಲೇ ಇಡುತ್ತ ಹೋದರು. ಹಾಳೆ ಹಾರದಿರಲೆಂದು ಫ್ಯಾನ್ ಆರಿಸಿದ್ದರಿಂದ ಎಲ್ಲರೂ ಬೆವೆತೆವು. ಬ್ಯಾಟರಿಯ ಕನೆಕ್ಟರ್ ಕಳಚಿ, ಮೈಯಲ್ಲಿರುವ ಸ್ಥಾಯಿ ವಿದ್ಯುತ್ತು ಇಳಿಯಲೆಂದು ಕಿಟಕಿಯ ಸರಳು ಮುಟ್ಟಿದರು. ಅಮ್ಮ ಅದನ್ನು ನಮಸ್ಕಾರವೆಂದು ತಿಳಿದು ತಾನೂ ಕೈಮುಗಿದಳು.

ಇಡೀ ಮನೆಯ ನೆಮ್ಮದಿ ಕೆಡಿಸಿದ ಆ ಕಾರ್ಡಿನ ಅಗಲ 22 ಮಿಲಿಮೀಟರ್, ಉದ್ದ 30. ಅದರ ತಲೆಗೆ ಕಪ್ಪೊಂದು ಬಿಳಿಯೊಂದು ತಂತಿ. "ವೈರ್‌ಲೆಸ್‌ಗೆ ವೈರ್ ಯಾಕೆ ಅಂಕಲ್?" ಎಂದಳು ಮಗಳು. ಆಂಟೆನಾ ಪರದೆಯ ಅಂಚಿನಲ್ಲಿರುತ್ತದಂತೆ. ತಂತಿಗಳು ಹಿಂಜ್ ದಾಟಿ ಅಲ್ಲಿಗೆ ಹೋಗುತ್ತವೆ. ಯಾವ ತಂತಿ ಎಲ್ಲಿತ್ತೆಂದು ಫೋಟೋ ತೆಗೆದುಕೊಂಡೆವು. ತುದಿಯ ಪುಟಾಣಿ ಗುಂಡಿಯನ್ನು ರಾಯರು ಉಗುರಿನಿಂದ ನೇರ ಮೇಲಕ್ಕೆತ್ತಿದರು; ತಂತಿ ಹಿಡಿದು ಎಳೆದರೆ ಗುಂಡಿ ಕಿತ್ತು ಕೈಗೆ ಬರುತ್ತದೆ. ಉಳಿದಿದ್ದ ಒಂದೇ ಸ್ಕ್ರೂ ಬಿಚ್ಚಿದ್ದೇ ತಡ, ಕಾರ್ಡು ತಾನಾಗಿ ತಲೆಯೆತ್ತಿ ಓರೆಯಾಗಿ ನಿಂತಿತು.

ಹೊಸ ಕಾರ್ಡು ಕೊಳ್ಳಲು ಹೋದರೆ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಂಗಡಿಯವನು ಮೊದಲು ಕೇಳಿದ್ದೇ "ಹಳೇದು ತಂದಿದ್ದೀರಾ ಸಾರ್?" ಎಂದು. ಕೆಲವು ಹಳೆಯ ಲ್ಯಾಪ್‌ಟಾಪುಗಳು ತಮ್ಮ ಕಂಪನಿ ಒಪ್ಪಿದ ಕಾರ್ಡನ್ನು ಬಿಟ್ಟು ಬೇರೆಯದನ್ನು ಒಳಗೆ ಸೇರಿಸುವುದಿಲ್ಲ. ಮದುವೆಯ ಹಾಗೆ ಇಲ್ಲೂ ಜಾತಕ ಕೂಡಿಬರಬೇಕು. ನಮ್ಮದು ಕೂಡಿಬಂತು.

ನಿಮಗೂ ಹೀಗಾದರೆ ರೂಟರಿಗೆ ಬಯ್ಯುವ ಮೊದಲು ಫೋನಿನಲ್ಲಿ ನೋಡಿ. ಈಗಿನ ಕೆಲವು ತೆಳು ಲ್ಯಾಪ್‌ಟಾಪುಗಳಲ್ಲಿ ಕಾರ್ಡನ್ನು ಮದರ್‌ಬೋರ್ಡಿಗೇ ಬೆಸೆದಿರುತ್ತಾರೆ. ಅಂಥದ್ದನ್ನು ಕೀಳಲು ಹೋಗದೆ ಯುಎಸ್‌ಬಿ ಡಾಂಗಲ್ ಸಿಕ್ಕಿಸಿಕೊಳ್ಳಿ. ಬಿಚ್ಚುವ ಚಟವಿರುವ ನೆರೆಯವರಿದ್ದರೆ ಕಾಫಿ ಕೊಟ್ಟು ಚೆನ್ನಾಗಿ ನೋಡಿಕೊಳ್ಳಿ. ಸ್ಕ್ರೂಗಳನ್ನು ಮಾತ್ರ ನೀವೇ ಎಣಿಸಿಟ್ಟುಕೊಳ್ಳಿ.